ಮೂರು ಗಂಟೆಗೆ ಒಂದು ಪುಟ

"ಪ್ರೆಸ್ಸಿಗೆ ಎಲ್ಲರಿಗಿಂತ ಮುಂಚೆ ಬರೋದು ಮ್ಯಾನೇಜರು, ಮಿಸ್. ಅವರು ಬಂದು ಬೀಗ ತೆಗೆದ್ರೆ ತಾನೇ ಮಿಕ್ಕವರು ಒಳಗೆ ಹೋಗೋಕಾಗೋದು? ದೀಪ ಹಾಕೋದು, ಯಾರು ಎಲ್ಲಿ ಕೂರಬೇಕು ಅಂತ ಹೇಳೋದು, ಎಲ್ಲ ಅವರೇ. ಅದೇ ಆಪರೇಟಿಂಗ್ ಸಿಸ್ಟಮ್ಮು!"

ತರಗತಿ ಗೊಳ್ಳೆಂದು ನಕ್ಕಿತು. ಕಂಪ್ಯೂಟರ್ ಮಿಸ್ ಕೂಡ ನಕ್ಕು, "ಮುಂದೆ ಹೇಳು" ಎಂದರು.

ಗಿರಗಿಟ್ಲೆ ಲ್ಯಾಬಿನ ನಡುವೆ ನಿಂತಿದ್ದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಒಂದು ಕಡೆ ನಿಲ್ಲದೆ ಸುತ್ತುತ್ತಾಳೆಂದು ಅಜ್ಜ ಇಟ್ಟ ಹೆಸರು ಮನೆಯಿಂದ ಬೀದಿಗೆ, ಬೀದಿಯಿಂದ ಶಾಲೆಗೆ ಬಂದು, ಐದನೆಯ ತರಗತಿಯಲ್ಲೂ ಗಟ್ಟಿಯಾಗಿ ಕೂತಿತ್ತು.

"ವರ್ಡ್ ಪ್ರೊಸೆಸರು ಮೊಳೆ ಜೋಡಿಸೋನು. ನಮ್ಮಜ್ಜ ಪ್ರೆಸ್ಸಲ್ಲಿ ಮಾಡ್ತಿದ್ದಿದ್ದು ಅದೇ ಕೆಲಸ. ಒಂದೊಂದೇ ಅಕ್ಷರದ ಸೀಸದ ಮೊಳೆ ಆರಿಸಿ ಸಾಲು ಕಟ್ಟೋದು. ಇದರಲ್ಲಿ ಕೈಗೆ ಮಸಿ ಹತ್ತಲ್ಲ, ಅಷ್ಟೇ. ಸ್ಪ್ರೆಡ್‌ಶೀಟು ಗುಮಾಸ್ತ. ಗೆರೆ ಹಾಕಿರೋ ಪುಸ್ತಕ ಇಟ್ಕೊಂಡಿರ್ತಾನೆ, ಕೂಡೋದು ಕಳೆಯೋದು ಅವನೇ ಮಾಡ್ತಾನೆ. ಪೇಂಟು ಚಿತ್ರ ಬರೆಯೋನು. ಬ್ರೌಸರು ಜವಾನ. ಊರೆಲ್ಲಾ ಸುತ್ತಿ, ನಾವು ಕೇಳಿದ್ದನ್ನ ತಂದು ತೋರಿಸ್ತಾನೆ. ಆಂಟಿವೈರಸ್ಸು ಬಾಗಿಲಲ್ಲಿ ಕೂತಿರೋ ವಾಚ್‌ಮ್ಯಾನು."

"ನಿಮ್ಮನೆ ವಾಚ್‌ಮ್ಯಾನ್ ಹೇಗಿದಾನೆ?" ಎಂದು ಮಿಸ್ ಕೇಳಿದರು.

"ನಿದ್ದೆ ಮಾಡ್ಬಿಟ್ಟ, ಮಿಸ್. ಅದಕ್ಕೇ ವೈರಸ್ ಒಳಗೆ ಬಂದಿರೋದು."

ಮತ್ತೆ ನಗು. ಮನೆಯ ಕಂಪ್ಯೂಟರಿನಲ್ಲಿ ಯಾವ ಯಾವ ಸಾಫ್ಟ್‌ವೇರ್ ಇವೆ, ಯಾವುದು ಏನು ಕೆಲಸ ಮಾಡುತ್ತದೆ ಎಂದು ನೋಡಿಕೊಂಡು ಬರಬೇಕು. ಅವುಗಳಲ್ಲಿ ಒಂದರಿಂದ ಮಾಡಿದ್ದನ್ನು ಪೆನ್ ಡ್ರೈವಿನಲ್ಲಿ ತಂದು ತೋರಿಸಬೇಕು. ಇದು ಮಿಸ್ ಕೊಟ್ಟ ಕೆಲಸ. ಒಬ್ಬ ಕ್ರಿಕೆಟ್ ಸ್ಕೋರಿನ ಪಟ್ಟಿ ತಂದಿದ್ದ. ಇನ್ನೊಬ್ಬಳು ಬೆಕ್ಕಿನ ಚಿತ್ರ ತಂದಿದ್ದಳು.

"ನೀನು ಏನು ತಂದಿದೀಯ?"

"ನಮ್ಮಜ್ಜ ಬರೆದಿದ್ದು, ಮಿಸ್." ಅವಳ ದನಿ ಸ್ವಲ್ಪ ಮೆತ್ತಗಾಯಿತು. "ನಾನೂ ಇನ್ನೂ ಓದಿಲ್ಲ. ಇಲ್ಲೇ ಮೊದಲನೇ ಸಲ ಓದೋದು."

ಅಜ್ಜ ಹೋಗಿ ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ಪ್ರತಿ ಸಂಜೆ ಅವಳು ಶಾಲೆಯಿಂದ ಬಂದ ಕೂಡಲೇ ಅಜ್ಜ ಕಂಪ್ಯೂಟರಿನ ಮುಂದೆ ಕೂತು, ಅವಳನ್ನು ಪಕ್ಕಕ್ಕೆ ಕರೆದು, ಆ ದಿನ ಏನು ನಡೆಯಿತೆಂದು ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. ಅವರು ಟೈಪ್ ಮಾಡುತ್ತಿದ್ದರು. ಹೇಳುವುದು ಮುಗಿಯುವ ಮೊದಲೇ ಅವಳ ಕಾಲು ಬೀದಿಯಲ್ಲಿರುತ್ತಿತ್ತು. ಆಡುತ್ತಿದ್ದಾಗ ಅಜ್ಜ ಇನ್ನೂ ಕಂಪ್ಯೂಟರಿನ ಮುಂದೆಯೇ ಇರುವುದು ಕಿಟಕಿಯಿಂದ ಕಾಣುತ್ತಿತ್ತು.

ತಾನು ಓಡಿದ ಮೇಲೆ ಅಜ್ಜ ಅಷ್ಟು ಹೊತ್ತು ಏನು ಬರೆಯುತ್ತಿದ್ದರು? ಇದನ್ನು ಅವಳು ಆಗ ಯೋಚಿಸಿರಲಿಲ್ಲ. ಈಗ ಮೂರು ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದಳು. ಅವರದೇ ಮಾತು ಏನೋ ಬರೆದಿರಬೇಕು. ತನಗೆಂದೇ ಬರೆದಿರಬೇಕು.

ಅವಳು ಪೆನ್ ಡ್ರೈವ್ ಸಿಕ್ಕಿಸಿದಳು. ಪರದೆಯ ಮೇಲೆ 'ಇವತ್ತು' ಎಂಬ ಹೆಸರಿನ ಪುಟ್ಟ ಚಿತ್ರ ಬಂತು. ಮನೆಯ ಕಂಪ್ಯೂಟರಿನಲ್ಲೂ ಅದು ಹೀಗೇ ಕಾಣುತ್ತಿತ್ತು. ಅವಳು ಎರಡು ಸಲ ಒತ್ತಿದಳು.

ತೆರೆಯಲಿಲ್ಲ. ಸಣ್ಣ ಚೌಕದಲ್ಲಿ ಏನೋ ಬರಹ ಬಂತು. ಇನ್ನೊಂದು ಸಲ ಒತ್ತಿದಳು. ಅದೇ ಚೌಕ.

ಮಿಸ್ ಹತ್ತಿರ ಬಂದು ಬಗ್ಗಿ ನೋಡಿದರು. "ಈ ಚಿತ್ರದ ಮೂಲೇಲಿ ಒಂದು ಬಾಗಿದ ಬಾಣ ಇದೆ, ನೋಡಿದ್ಯಾ? ಇದು ಫೈಲ್ ಅಲ್ಲಮ್ಮ, ಶಾರ್ಟ್‌ಕಟ್. ಫೈಲ್ ಎಲ್ಲಿದೆ ಅಂತ ಬೆರಳು ತೋರಿಸುತ್ತೆ, ಅಷ್ಟೇ, ಅಂಗಡಿ ಮುಂದಿನ ಬೋರ್ಡಿನ ಹಾಗೆ. ಅಂಗಡಿ ಅಲ್ಲೇ ಉಳಿದಿದೆ. ನೀನು ಬೋರ್ಡ್ ಮಾತ್ರ ತಂದಿದೀಯ."

"ಬೋರ್ಡ್ ಬಿಚ್ಕೊಂಡು ಓಡಿಬಂದಿದ್ದಾಳೆ!" ಎಂದು ಕ್ರಿಕೆಟ್ ಸ್ಕೋರಿನವನು ಕೂಗಿದ. "ಪಾಪ, ಅಂಗಡಿಯವರು ಹುಡುಕ್ತಾ ಇರ್ತಾರೆ!"

ಎಲ್ಲರೂ ನಕ್ಕರು. ಗಿರಗಿಟ್ಲೆ ನಗಲಿಲ್ಲ.

"ಹೋಗ್ಲಿ ಬಿಡು" ಎಂದರು ಮಿಸ್. "ಮನೆ ಕಂಪ್ಯೂಟರಲ್ಲಿ ಇರುತ್ತಲ್ಲ, ನಾಳೆ ತಾ."

"ಇರಲ್ಲ, ಮಿಸ್."

"ಯಾಕೆ?"

"ಇವತ್ತು ಬೆಳಿಗ್ಗೆ ಅಪ್ಪ ರಿಪೇರಿ ಅಂಗಡಿಗೆ ಕೊಟ್ಟಿದ್ದಾರೆ. ವೈರಸ್ ಬಂದು ಆನ್ ಆಗೋಕೇ ಅರ್ಧ ಗಂಟೆ ಬೇಕಾಗಿತ್ತು. ಸಂಜೆಯೊಳಗೆ ಫಾರ್ಮ್ಯಾಟ್ ಮಾಡಿ ಕೊಡ್ತಾರಂತೆ. ಏನಾದ್ರೂ ಉಳಿಸ್ಕೋಬೇಕಾ ಅಂತ ಅಪ್ಪ ಕೇಳಿದ್ರು. ಎಲ್ಲಾ ಪೆನ್ ಡ್ರೈವಿಗೆ ಹಾಕ್ಕೊಂಡಿದೀನಿ ಅಂತ ನಾನೇ ಹೇಳ್ದೆ."

ಲ್ಯಾಬಿನಲ್ಲಿ ನಗು ನಿಂತಿತು.

ಫಾರ್ಮ್ಯಾಟ್ ಎಂದರೇನೆಂದು ಹೋದ ವಾರವಷ್ಟೇ ಪಾಠವಾಗಿತ್ತು. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಖಾಲಿ ಮಾಡುವುದು. ಸಾಫ್ಟ್‌ವೇರ್ ಹೋದರೆ ಮತ್ತೆ ಹಾಕಿಕೊಳ್ಳಬಹುದು. ಅದರಲ್ಲಿ ನಾವು ಮಾಡಿಟ್ಟದ್ದು ಹೋದರೆ ಹೋದ ಹಾಗೆಯೇ.

ಮಿಸ್ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ತಮ್ಮ ಫೋನು ಕೊಟ್ಟರು. ಅಪ್ಪ ಬಸ್ ಡ್ರೈವರು. ಬಸ್ಸು ಓಡಿಸುವಾಗ ಫೋನು ಡಿಪೋದಲ್ಲಿರುತ್ತದೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನೊಳಗೆ ಫೋನು ಎತ್ತುವಂತಿಲ್ಲ. ಅಂಗಡಿಯ ನಂಬರು ಅವಳಿಗೆ ಗೊತ್ತಿರಲಿಲ್ಲ. ಉಳಿದವರು ಅಜ್ಜಿ ಒಬ್ಬರೇ.

"ಅಜ್ಜಿ, ನಾನು. ಅಜ್ಜನ ಕಂಪ್ಯೂಟರ್ ಇದೆಯಲ್ಲ…"

"ಆ ನನ್ನ ಸವತೀನಾ? ಬೆಳಿಗ್ಗೆ ನಿಮ್ಮಪ್ಪ ಹೊತ್ಕೊಂಡು ಹೋದ ಪುಣ್ಯಾತ್ಮ. ಮನೆ ಹಗುರಾಯ್ತು."

ಅಜ್ಜಿ ಮೊದಲಿನಿಂದಲೂ ಕಂಪ್ಯೂಟರನ್ನು ಕರೆಯುತ್ತಿದ್ದುದು ಹಾಗೆಯೇ. ಮುದುಕನಾದ ಮೇಲೆ ಗಂಡ ಅದರ ಮುಂದೆ ಕೂತದ್ದೇ ಹೆಚ್ಚು ಎಂಬುದು ಅವರ ದೂರು.

"ಅಜ್ಜಿ, ಅವರು ಫಾರ್ಮ್ಯಾಟ್ ಮಾಡ್ತಾರೆ!"

"ಮಾಡ್ಲಿ ಬಿಡೇ. ಅದೇನೋ ಒಳ್ಳೇದಂತೆ."

ಗಿರಗಿಟ್ಲೆ ಒಂದು ಕ್ಷಣ ಕಣ್ಣು ಮುಚ್ಚಿದಳು. ಅಜ್ಜ ಆಗಿದ್ದರೆ ಹೇಗೆ ಹೇಳುತ್ತಿದ್ದರು?

"ಅಜ್ಜಿ, ಪ್ರೆಸ್ಸಲ್ಲಿ ಜೋಡಿಸಿಟ್ಟಿರೋ ಪುಟಾನ ಬಿಚ್ಚಿ, ಮೊಳೆಗಳನ್ನ ಮತ್ತೆ ಖಾನೆಗೆ ಹಾಕ್ತಾರೆ ಅಂತ ಅಜ್ಜ ಹೇಳ್ತಿದ್ರಲ್ಲ, ಹಾಗೆ. ಅಜ್ಜ ಜೋಡಿಸಿದ್ದೆಲ್ಲ ಅದರೊಳಗೇ ಇದೆ. ಎಲ್ಲಾ ಬಿಚ್ಚಿಬಿಡ್ತಾರೆ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು.

"ಅಚ್ಚು ಹಾಕೋದಕ್ಕೆ ಮುಂಚೇನೇ?" ಎಂದು ಅಜ್ಜಿ ಕೇಳಿದರು.

"ಹೂಂ, ಅಜ್ಜಿ."

"ಅಯ್ಯೋ, ಅವರ ಕೈ ಸೇದಿಹೋಗ! ಪ್ರೂಫ್ ಕೂಡ ನೋಡದೆ ಬಿಚ್ಚೋದುಂಟಾ? ಎಲ್ಲಿದೆ ಆ ಅಂಗಡಿ?"

"ಬಸ್ ಸ್ಟಾಪ್ ದಾಟಿದ್ಮೇಲೆ, ಔಷಧಿ ಅಂಗಡಿ ಪಕ್ಕ, ನೀಲಿ ಶಟರು…"

ಫೋನಿನಲ್ಲಿ ಚಪ್ಪಲಿ ಎಳೆದ ಸದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

ಅಂದು ಮಧ್ಯಾಹ್ನದ ಎರಡು ಪೀರಿಯಡ್ ಎಷ್ಟು ಉದ್ದವಿತ್ತೆಂದರೆ, ಸಮಾಜ ಪಾಠದಲ್ಲಿ ಒಬ್ಬ ರಾಜ ಹುಟ್ಟಿ, ರಾಜ್ಯ ಕಟ್ಟಿ, ಸೋತು, ಸತ್ತರೂ ಗಂಟೆ ಹೊಡೆಯಲಿಲ್ಲ. ಕೊನೆಗೂ ಹೊಡೆದಾಗ ಗಿರಗಿಟ್ಲೆ ಚೀಲದ ಜಿಪ್ ಹಾಕದೆಯೇ ಓಡಿದಳು.

ನೀಲಿ ಶಟರಿನ ಅಂಗಡಿ ಒಂದು ಕೋಣೆಯಷ್ಟಿತ್ತು. ಗೋಡೆಯುದ್ದಕ್ಕೂ ಬಾಯಿ ತೆರೆದ ಕಂಪ್ಯೂಟರುಗಳು, ಗೋಜಲು ಗೋಜಲು ವೈರುಗಳು. ನಡುವೆ ಒಂದು ಸ್ಟೂಲಿನ ಮೇಲೆ ಅಜ್ಜಿ ಕೂತಿದ್ದರು. ತೊಡೆಯ ಮೇಲೆ ಕಂಪ್ಯೂಟರಿನ ಡಬ್ಬಿ ಇತ್ತು. ಅಳುವ ಮಗುವನ್ನು ಹಿಡಿದಂತೆ ಎರಡೂ ಕೈಯಿಂದ ಅದನ್ನು ಹಿಡಿದಿದ್ದರು.

"ಬಂದ್ಯಾ ತಾಯಿ!" ಎಂದ ರಿಪೇರಿಯವನು. ಅವನು ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ. "ನಿಮ್ಮಜ್ಜಿ ಎರಡು ಗಂಟೆಯಿಂದ ಹೀಗೇ ಕೂತಿದ್ದಾರೆ. ಟೀ ಕೊಟ್ರೂ ಕೆಳಗಿಡಲ್ಲ, ನೀರು ಕೊಟ್ರೂ ಕೆಳಗಿಡಲ್ಲ. ಗಿರಾಕಿಗಳೆಲ್ಲ ನನ್ನೇ ಕಳ್ಳನ ಥರ ನೋಡ್ತಾರೆ."

"ಅಳಿಸಿಬಿಟ್ರಾ, ಅಂಕಲ್?"

ಅಜ್ಜಿಯೇ ಉತ್ತರ ಕೊಟ್ಟರು. "ಇನ್ನೂ ಮುಟ್ಟಿಲ್ಲವಂತೆ. ದೇವರು ದೊಡ್ಡವನು. ಇವತ್ತು ಇವನಿಗೆ ಕೈತುಂಬಾ ಬೇರೆ ಕೆಲಸ ಕೊಟ್ಟಿದ್ದ."

ಡಬ್ಬಿಯನ್ನು ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದರು. ಒಳಗಿನ ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ರಿಪೇರಿಯವನು ಇನ್ನೊಂದು ಸಲ, ಮತ್ತೊಂದು ಸಲ ಒತ್ತಿದ.

"ಮ್ಯಾನೇಜರು ಬರ್ತಾ ಇಲ್ಲ" ಎಂದಳು ಗಿರಗಿಟ್ಲೆ ಮೆಲ್ಲಗೆ.

"ಯಾರು?"

"ಆಪರೇಟಿಂಗ್ ಸಿಸ್ಟಮ್ಮು."

ಅವನು ಅವಳ ಮುಖ ನೋಡಿ ನಕ್ಕ. "ಹೌದು, ಮ್ಯಾನೇಜರು ಮಲಗಿಬಿಟ್ಟಿದ್ದಾರೆ. ಆದ್ರೆ ಗೋಡೌನ್ ಚೆನ್ನಾಗಿದ್ದರೂ ಇರಬಹುದು. ನೋಡೋಣ, ಇರು."

ಅವನು ಡಬ್ಬಿ ಬಿಚ್ಚಿ, ಪುಸ್ತಕದಷ್ಟು ದೊಡ್ಡದಾದ ಡಿಸ್ಕನ್ನು ಹೊರಗೆ ತೆಗೆದು, ತನ್ನ ಕಂಪ್ಯೂಟರಿಗೆ ವೈರಿನಿಂದ ಜೋಡಿಸಿದ. ಡಿಸ್ಕಿನೊಳಗಿಂದ ಕರ್ರ್ ಎಂಬ ಸದ್ದು ಬಂತು. ನಿಂತಿತು. ಅಜ್ಜಿ ಕಣ್ಣು ಮುಚ್ಚಿ ಕೈ ಜೋಡಿಸಿದರು.

"ಒಂದು ಸಲ ಕರ್ಕೊಂಡೆ, ನಾನು ಸುಮ್ಮನಿದ್ದೆ. ಎರಡನೇ ಸಲ ಬೇಡಪ್ಪಾ, ದೇವರೇ" ಎಂದು ಅವರು ಹೇಳುವುದು ಗಿರಗಿಟ್ಲೆಗೆ ಕೇಳಿಸಿತು.

ಕರ್ರ್. ಈ ಸಲ ಸದ್ದು ನಿಲ್ಲಲಿಲ್ಲ. ಪರದೆಯ ಮೇಲೆ ಹಳದಿ ಫೋಲ್ಡರುಗಳು ಒಂದೊಂದಾಗಿ ಕಾಣಿಸಿದವು.

"ಫೈಲ್ ಹೆಸರೇನು?"

"ಇವತ್ತು."

ಅವನು ಟೈಪ್ ಮಾಡಿ ಹುಡುಕಿದ. ಒಂದೇ ಒಂದು ಸಿಕ್ಕಿತು. ಅದರ ಮೂಲೆಯಲ್ಲಿ ಬಾಗಿದ ಬಾಣವಿತ್ತು.

"ಇದು ಬೋರ್ಡು" ಎಂದಳು ಅವಳು.

"ಹೌದು. ಬೋರ್ಡಿಗೆ ಒಂದು ಹೆಸರು, ಫೈಲಿಗೆ ಬೇರೆ ಹೆಸರು ಇಟ್ಟಿರಬೇಕು. ನೆಟ್ಟಗೆ ಅಲ್ಲಿಗೇ ಹೋಗೋಣ ಅಂದ್ರೆ, ವೈರಸ್ಸು ಬೋರ್ಡಿನ ವಿಳಾಸಾನೇ ಕೆಡಿಸಿಬಿಟ್ಟಿದೆ." ಅವನು ಕಿವಿಯ ಸ್ಕ್ರೂಡ್ರೈವರ್ ತೆಗೆದು ತಲೆ ಕೆರೆದುಕೊಂಡ. "ಸಾವಿರಗಟ್ಟಲೆ ಫೈಲುಗಳಿವೆಯಲ್ಲಮ್ಮ. ಯಾವ ಸಾಫ್ಟ್‌ವೇರಲ್ಲಿ ಮಾಡಿದ್ದು, ಅದನ್ನಾದ್ರೂ ಹೇಳು. ಒಂದೊಂದು ಜಾತಿ ಬೇರೆ ಮಾಡಿ ನೋಡೋಣ."

ಅವಳು ಬಾಯಿ ತೆರೆಯುವ ಮೊದಲೇ ಅವನು ಜಾತಿ ಬೇರೆ ಮಾಡಿಬಿಟ್ಟ. ಮೊದಲು ಬಂದದ್ದು ಚಿತ್ರಗಳು. ಪೇಂಟಿನಲ್ಲಿ ಅವಳು ಬರೆದ ಆನೆ. ಅದಕ್ಕೆ ಐದು ಕಾಲು.

"ಐದನೇದು ಸೊಂಡಿಲು" ಎಂದಳು ಗಿರಗಿಟ್ಲೆ, ಯಾರೂ ಕೇಳದಿದ್ದರೂ.

ಆಮೇಲೆ ಹಾಡುಗಳು. ಸುಮ್ಮನೆ ಒಂದನ್ನು ಒತ್ತಿದಾಗ ಅಜ್ಜ ದಿನಾ ಬೆಳಿಗ್ಗೆ ಹಾಕುತ್ತಿದ್ದ ಪ್ರಾರ್ಥನೆ ಅಂಗಡಿಯ ತುಂಬ ಕೇಳಿಸಿತು. ಮೂರು ತಿಂಗಳಿಂದ ಮನೆಯಲ್ಲಿ ಅದನ್ನು ಯಾರೂ ಹಾಕಿರಲಿಲ್ಲ. ರಿಪೇರಿಯವನು ನಿಲ್ಲಿಸಲು ಕೈ ಚಾಚಿದ. ಅಜ್ಜಿಯ ಮುಖ ನೋಡಿ ಕೈ ಹಿಂದೆಗೆದುಕೊಂಡ. ಹಾಡು ಮುಗಿಯುವವರೆಗೂ ಅವನು ಮೌಸ್ ಮುಟ್ಟಲಿಲ್ಲ.

ಆಮೇಲೆ ಸ್ಪ್ರೆಡ್‌ಶೀಟುಗಳು. ಒಂದೇ ಇತ್ತು. 'ಇವಳ ಕಣ್ಣಿನ ಹನಿ' ಎಂದು ಅದರ ಹೆಸರು.

ತಾರೀಖು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಚೌಕ ಚೌಕವಾದ ಮನೆಗಳು. ಅಜ್ಜಿಯ ಕಣ್ಣಿಗೆ ಔಷಧಿ ಹಾಕಿದಾಗಲೆಲ್ಲ ಒಂದು ಗುರುತು. ಸಾಲು ಸಾಲಾಗಿ ಎಲ್ಲ ಮನೆಯಲ್ಲೂ ಗುರುತಿತ್ತು. ಅಜ್ಜ ಆಸ್ಪತ್ರೆಗೆ ಸೇರಿದ ದಿನ ಬೆಳಿಗ್ಗೆಯ ಮನೆಯಲ್ಲೂ ಇತ್ತು. ಮಧ್ಯಾಹ್ನದ ಮನೆಯಿಂದ ಮುಂದೆ ಎಲ್ಲ ಖಾಲಿ. ತಾರೀಖುಗಳನ್ನು ಮಾತ್ರ ಅವರು ವರ್ಷದ ಕೊನೆಯವರೆಗೂ ಹಾಕಿಟ್ಟಿದ್ದರು.

"ಏನದು?" ಎಂದು ಅಜ್ಜಿ ಕೇಳಿದರು. ಅವರಿಗೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ.

ಗಿರಗಿಟ್ಲೆ ಹೇಳಿದಳು.

"ಅದಕ್ಕೇ ಒಂದು ದಿನಾನೂ ಮರೀತಿರಲಿಲ್ಲ" ಎಂದರು ಅಜ್ಜಿ. ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡರು. "ನಾನು ಏನೋ ನೆನಪಿನ ಶಕ್ತಿ ಅಂದ್ಕೊಂಡಿದ್ದೆ."

"ಬ್ರೌಸರಲ್ಲಿ ಹುಡುಕೋಣ್ವಾ?" ಎಂದು ರಿಪೇರಿಯವನು ಅವಳನ್ನು ಪರೀಕ್ಷಿಸುವಂತೆ ಕೇಳಿದ.

"ಬೇಡ, ಅಂಕಲ್. ಅವನು ಹೊರಗಿಂದ ತಂದು ತೋರಿಸ್ತಾನೆ, ಅಷ್ಟೇ. ಇದು ಮನೆಯಲ್ಲೇ ಜೋಡಿಸಿದ್ದು. ವರ್ಡ್ ಪ್ರೊಸೆಸರ್ ಫೈಲುಗಳನ್ನ ತೆಗೀರಿ."

ಪರದೆಯ ಮೇಲೆ ಪಟ್ಟಿ ಬಂತು. ಬೀದಿ ದೀಪದ ಅರ್ಜಿ. ಬೀದಿ ದೀಪದ ಎರಡನೆಯ ಅರ್ಜಿ. ಬೀದಿ ದೀಪ, ಕೊನೆಯ ಅರ್ಜಿ. ಪಕ್ಕದ ಮನೆಯವರ ನಾಯಿಯ ಬಗ್ಗೆ. ಅವಳ ಬೆರಳು ಒಂದೊಂದೇ ಸಾಲಿನ ಮೇಲೆ ಇಳಿಯಿತು. ಕೆಳಗೆ ಒಂದು ವಿಚಿತ್ರವಾದ ಉದ್ದ ಹೆಸರಿತ್ತು.

ಅಜ್ಜಾ ನನ್ನ ಹಲ್ಲು ಅಲ್ಲಾಡ್ತಾ ಇದೆ ಮುಟ್ಟಿ ನೋಡು.

"ಇದೇನು ಹೆಸರು!" ಎಂದು ರಿಪೇರಿಯವನು ನಕ್ಕ. "ಓಹೋ, ಗೊತ್ತಾಯ್ತು. ಮೊದಲನೇ ಸಲ ಸೇವ್ ಮಾಡುವಾಗ ಸಾಫ್ಟ್‌ವೇರೇ ಮೊದಲನೇ ಸಾಲನ್ನ ಹೆಸರಾಗಿ ತೋರಿಸುತ್ತೆ. ನಿಮ್ಮಜ್ಜ ಅದನ್ನ ಬದಲಾಯಿಸಿಲ್ಲ."

ಗಿರಗಿಟ್ಲೆಯ ನಾಲಿಗೆ ತಾನಾಗಿ ಮುಂದಿನ ಹಲ್ಲನ್ನು ಮುಟ್ಟಿತು. ಆ ಹಲ್ಲು ಬಿದ್ದು, ಬೇರೆ ಬಂದು, ನಾಲ್ಕು ವರ್ಷವಾಗಿತ್ತು.

ಅವಳು ಎರಡು ಸಲ ಒತ್ತಿದಳು. ತೆರೆಯಿತು.

ತೊಂಬತ್ತಾರು ಪುಟ. ಅವಳು ಸ್ಟೂಲಿನ ತುದಿಗೆ ಜರುಗಿ ಓದತೊಡಗಿದಳು.

'ಅಜ್ಜಾ ನನ್ನ ಹಲ್ಲು ಅಲ್ಲಾಡ್ತಾ ಇದೆ ಮುಟ್ಟಿ ನೋಡು. ಜೋರಾಗಿ ಮುಟ್ಟಬೇಡ. ಮಿಸ್ ಇವತ್ತು ಹಸಿರು ಸೀರೆ ಉಟ್ಟಿದ್ರು. ಅಷ್ಟೆ.'

'ಇವತ್ತು ನನ್ನ ಪೆನ್ಸಿಲ್ ಕಳೀತು. ಯಾರು ತಗೊಂಡ್ರು ಅಂತ ನಂಗೆ ಗೊತ್ತು ಆದ್ರೆ ಹೇಳಲ್ಲ. ಹೇಳ್ತೀನಿ. ಬೇಡ.'

'ಅಜ್ಜಿ ಹಾಲು ಉಕ್ಕಿಸಿದ್ರು. ಬೆಕ್ಕು ಉಕ್ಕಿಸಿದ್ದು ಅಂತ ಅಮ್ಮನಿಗೆ ಹೇಳಿದ್ರು. ನಮ್ಮನೇಲಿ ಬೆಕ್ಕು ಇಲ್ಲ.'

"ಅದನ್ನೂ ಹೇಳ್ಬಿಟ್ಟಿದ್ಯೇನೇ, ಚಾಡಿಕೋರಿ!" ಎಂದರು ಅಜ್ಜಿ. ರಿಪೇರಿಯವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕ.

ಗಿರಗಿಟ್ಲೆ ಬೇಗ ಬೇಗ ಕೆಳಗೆ ಹೋದಳು. ಹತ್ತನೆಯ ಪುಟ. ಮೂವತ್ತನೆಯ ಪುಟ. ಎಲ್ಲೆಲ್ಲೂ ಅವಳದೇ ಮಾತು. ಅವಳ ಜಗಳ, ಅವಳ ಜ್ವರ, ಅವಳ ಪಂದ್ಯ. ಒಂದು ಅಕ್ಷರವನ್ನೂ ತಿದ್ದದೆ, ಅವಳು ಹೇಳಿದ ಹಾಗೆಯೇ ಇತ್ತು. ಅಜ್ಜನ ಮಾತು ಮುಂದಿನ ಪುಟದಲ್ಲಿ ಇರಬಹುದು. ಅದರ ಮುಂದಿನದರಲ್ಲಿ ಇರಬಹುದು. ಎಪ್ಪತ್ತು, ಎಂಬತ್ತು. ಕೊನೆಯ ಪುಟ ಬಂತು. ಅಲ್ಲಿ ಕೊನೆಯ ಸಾಲು ಹೀಗಿತ್ತು:

'ಇವತ್ತು ಏನೂ ಆಗ್ಲಿಲ್ಲ ಅಜ್ಜ. ಆಡೋಕೆ ಹೋಗ್ತೀನಿ. ಆಮೇಲೆ ಹೇಳ್ತೀನಿ.'

ಅದರ ಕೆಳಗೆ ಬಿಳಿ.

"ಏನು ಬರೆದಿದ್ದಾರೆ?" ಎಂದು ಅಜ್ಜಿ ಕೇಳಿದರು. ಆಮೇಲೆ ಸ್ವಲ್ಪ ನಾಚಿಕೆಯಿಂದ, "ನನ್ನ ವಿಷಯ ಏನಾದ್ರೂ ಇದೆಯಾ?" ಎಂದರು.

"ಏನೂ ಬರೆದಿಲ್ಲ, ಅಜ್ಜಿ." ಅವಳು ಮತ್ತೆ ಮೇಲಿನ ಪುಟಗಳಿಗೆ ಹೋಗಿ ನೋಡಿದಳು. "ಬರೀ ನಾನೇ ಇದ್ದೀನಿ. ಅಜ್ಜ ಎಲ್ಲೂ ಇಲ್ಲ."

ಅಜ್ಜಿ ಅವಳ ಬೆನ್ನ ಮೇಲೆ ಕೈ ಇಟ್ಟರು. "ಅವರೇನು ಬರೀತಾರೆ, ಮಗು. ನಲವತ್ತು ವರ್ಷ ಬೇರೆಯವರ ಮಾತು ಜೋಡಿಸಿದ ಕೈ. ನಿಮ್ಮದೂ ಒಂದು ಬರೀರಿ ಅಂದ್ರೆ, ನಂದೇನಿದೆಯೇ ಅನ್ನೋರು."

ಗಿರಗಿಟ್ಲೆಯ ಕಣ್ಣಿನ ಮುಂದೆ ಪರದೆ ಮಸುಕಾಯಿತು.

ರಿಪೇರಿಯವನು ಅವಳ ಪೆನ್ ಡ್ರೈವ್ ತೆಗೆದುಕೊಂಡು ಸಿಕ್ಕಿಸಿದ. "ಈ ಸಲ ಬಾಣ ಇಲ್ಲದ್ದನ್ನ ಹಾಕಿ ಕೊಡ್ತೀನಿ. ಮಿಕ್ಕಿದ್ದೂ ಎಲ್ಲ ಹಾಕ್ತೀನಿ, ಹಾಡು, ಆನೆ, ಕಣ್ಣಿನ ಹನಿ." ಕಾಪಿ ಆಗುತ್ತಿರುವಾಗ ಅವನು ಫೈಲಿನ ವಿವರಗಳನ್ನು ತೆರೆದು ನೋಡಿದ. ನೋಡಿ ಹುಬ್ಬೇರಿಸಿದ.

"ಇಲ್ಲಿ ನೋಡು. ಫೈಲ್ ತೆರೆದಿಟ್ಕೊಂಡು ಕೆಲಸ ಮಾಡಿದಷ್ಟು ಹೊತ್ತನ್ನ ಸಾಫ್ಟ್‌ವೇರ್ ತಾನೇ ಬರೆದಿಟ್ಕೊಳ್ಳುತ್ತೆ. ಒಟ್ಟು ಹದಿನೆಂಟು ಸಾವಿರದ ಏಳುನೂರ ಇಪ್ಪತ್ತು ನಿಮಿಷ! ಎಷ್ಟು ಗಂಟೆ ಆಯ್ತು?"

ಅವಳು ಚೀಲದಿಂದ ನೋಟ್‌ಬುಕ್ ತೆಗೆದು ಹಿಂದಿನ ಹಾಳೆಯಲ್ಲಿ ಭಾಗಿಸಿದಳು. "ಮುನ್ನೂರ ಹನ್ನೆರಡು."

"ತೊಂಬತ್ತಾರು ಪುಟಕ್ಕೆ ಮುನ್ನೂರ ಹನ್ನೆರಡು ಗಂಟೆ. ಅಂದ್ರೆ ಒಂದು ಪುಟಕ್ಕೆ ಮೂರು ಗಂಟೆ ಮೇಲೆ! ಅಜ್ಜಿ, ನಿಮ್ಮ ಯಜಮಾನ್ರು ಆಮೆ ಥರ ಟೈಪ್ ಮಾಡ್ತಿದ್ರಾ?"

"ಯಾರು, ಅವರಾ?" ಅಜ್ಜಿ ಸ್ಟೂಲಿನಿಂದ ಎದ್ದೇ ಬಿಟ್ಟರು. "ಅವರು ಮೊಳೆ ಜೋಡಿಸ್ತಿದ್ರೆ ಕೈ ಕಣ್ಣಿಗೆ ಕಾಣ್ತಿರಲಿಲ್ಲ, ಗೊತ್ತಾ! ಬೇರೆ ಪ್ರೆಸ್ಸಿನವರು ಬಂದು ನಿಂತು ನೋಡೋರು. ಈ ನಿನ್ನ ಬಟನ್ನು ಅವರಿಗೊಂದು ಲೆಕ್ಕಾನಾ? ಒಂದು ಪುಟ ಅರ್ಧ ಗಂಟೇಲಿ ಬಡಿದು ಬಿಸಾಕೋರು!"

"ಹಾಗಾದ್ರೆ ಮಿಕ್ಕ ಹೊತ್ತು ಏನು ಮಾಡ್ತಿದ್ರು?" ಎಂದು ಅವನು ಕೇಳಿದ.

ಅಜ್ಜಿ ಮೊಮ್ಮಗಳ ಕಡೆ ತಿರುಗಿದರು.

ಗಿರಗಿಟ್ಲೆ ನೋಟ್‌ಬುಕ್ಕಿನ ಹಾಳೆಯನ್ನೇ ನೋಡುತ್ತಿದ್ದಳು.

ಪೆನ್ಸಿಲ್ ಕಳೆದ ದಿನ ಅವಳು ಅರ್ಧ ಹೇಳಿ, ಕೋಪ ಬಂದು, ಮಂಚದ ಕೆಳಗೆ ಹೋಗಿ ಕೂತಿದ್ದಳು. ಹೊರಗೆ ಬಂದಾಗ ಅಜ್ಜ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಹಾಗೆಯೇ ಕೂತಿದ್ದರು. ಜ್ವರ ಬಂದ ದಿನ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವಳು ನಿದ್ದೆ ಹೋಗಿದ್ದಳು. ಪಂದ್ಯದ ದಿನ 'ಆಮೇಲೆ ಏನಾಯ್ತು ಗೊತ್ತಾ' ಎಂದವಳೇ ನೀರು ಕುಡಿಯಲು ಹೋಗಿ, ಅಲ್ಲಿಂದ ಬಾಗಿಲಿಗೆ ಹೋಗಿ, ಬಾಗಿಲಿನಿಂದ ಗೆಳತಿಯ ಮನೆಗೆ ಹೋಗಿ, ಬಹಳ ಹೊತ್ತಿನ ಮೇಲೆ ನೆನಪಾಗಿ ಓಡಿಬಂದಿದ್ದಳು. ಅಜ್ಜ ಕಂಪ್ಯೂಟರನ್ನು ಆರಿಸಿರಲಿಲ್ಲ. ಎದ್ದಿರಲೂ ಇಲ್ಲ. 'ಹೂಂ' ಎಂದಿದ್ದರು, ಅಷ್ಟೇ. ಒಂದು ಸಲವೂ 'ಬೇಗ ಹೇಳು' ಎಂದಿರಲಿಲ್ಲ.

ಕೊನೆಯ ದಿನ 'ಆಮೇಲೆ ಹೇಳ್ತೀನಿ' ಎಂದು ಹೋದವಳು ಕತ್ತಲಾದ ಮೇಲೆ ಬಂದಿದ್ದಳು. ಅಂದು ಅವಳು ಏನನ್ನೂ ಹೇಳಲಿಲ್ಲ, ಮರೆತಿದ್ದಳು. ಅಜ್ಜನ ಮುಂದೆ ಪರದೆ ಇನ್ನೂ ಬೆಳಗುತ್ತಿತ್ತು.

ಅವಳು ಪೆನ್ಸಿಲಿನಿಂದ ೩೧೨ರ ಸುತ್ತ ಒಂದು ಗೆರೆ ಎಳೆದಳು.

"ಹೇಳೇ, ಏನು ಮಾಡ್ತಿದ್ರು?" ಎಂದು ಅಜ್ಜಿ ಕೇಳಿದರು.

"ಕೂತಿರ್ತಿದ್ರು, ಅಜ್ಜಿ" ಎಂದಳು ಗಿರಗಿಟ್ಲೆ.

ಪೆನ್ ಡ್ರೈವನ್ನು ಅವಳು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಮೇಲೆ ಕೈ ಇಟ್ಟುಕೊಂಡಳು. ಇನ್ನು ಅಳಿಸಬಹುದು ಎಂದು ಅಜ್ಜಿ ರಿಪೇರಿಯವನಿಗೆ ಅಪ್ಪಣೆ ಕೊಟ್ಟರು. "ನಾಳೆ ಬೆಳಿಗ್ಗೆ ಹೊಸ ಮ್ಯಾನೇಜರನ್ನ ಕೂರಿಸಿ ಕೊಡ್ತೀನಿ. ವಾಚ್‌ಮ್ಯಾನೂ ಹೊಸಬನೇ" ಎಂದು ಅವನು ಹಲ್ಲು ಕಿರಿದ.

ಇಬ್ಬರೂ ಬೀದಿಗೆ ಬಂದರು. ಬಿಸಿಲು ಇಳಿದಿತ್ತು. ಬಸ್ ಸ್ಟಾಪಿನಲ್ಲಿ ಕೆಲಸದಿಂದ ಮರಳುವವರ ಸಾಲಿತ್ತು. ಅಜ್ಜಿಗೆ ಮಾತಿನ ಹುಮ್ಮಸ್ಸು ಬಂದಿತ್ತು.

"ಆಮೆಯಂತೆ, ಆಮೆ! ಅವನಿಗೇನು ಗೊತ್ತು. ಒಂದು ಸಲ ಏನಾಯ್ತು ಅಂದ್ರೆ, ನಿಮ್ಮಪ್ಪ ಆಗ ತೊಟ್ಟಿಲಲ್ಲಿದ್ದ. ಪ್ರೆಸ್ಸಿಗೆ ಒಬ್ಬರು ಓಡ್ಕೊಂಡು ಬಂದ್ರಂತೆ, ಇವತ್ತೇ ಆಗಬೇಕು ಅಂತ. ಯಾರಪ್ಪಾ ಅವರು… ದಪ್ಪಗೆ ಇದ್ರು. ಕೊಡೆ ಹಿಡ್ಕೊಂಡೇ ಓಡಾಡೋರು. ಅವರ ಹೆಸರು… ಅದೇ ಕಣೇ… ಏನೋ ಇತ್ತು…"

ಅಜ್ಜಿ ನಡು ಬೀದಿಯಲ್ಲೇ ನಿಂತರು. ಹಣೆ ಗಂಟಿಕ್ಕಿಕೊಂಡು ಆಕಾಶದ ಕಡೆ ನೋಡಿದರು. ಹೆಸರು ಬರಲಿಲ್ಲ.

ಬೀದಿಯ ಆ ತುದಿಯಲ್ಲಿ ಗೆಳತಿಯರು ಹಗ್ಗ ಹಿಡಿದುಕೊಂಡು ಕಾಯುತ್ತಿದ್ದರು. ಅವರಲ್ಲಿ ಒಬ್ಬಳು ಎರಡೂ ಕೈ ಎತ್ತಿ, "ಗಿರಗಿಟ್ಲೇ, ಬಾರೇ!" ಎಂದು ಕೂಗಿದಳು.

ಗಿರಗಿಟ್ಲೆ ಬರುವುದಿಲ್ಲವೆಂದು ಕೈಯಾಡಿಸಿದಳು. ಅಜ್ಜಿಯ ಕೈಚೀಲವನ್ನು ತಾನು ತೆಗೆದುಕೊಂಡು, ಅವರನ್ನು ಮೆಲ್ಲಗೆ ಬದಿಯ ಕಟ್ಟೆಯ ಹತ್ತಿರ ಕರೆತಂದು ಕೂರಿಸಿದಳು. ತಾನೂ ಪಕ್ಕದಲ್ಲಿ ಕೂತಳು.

"ಇರೇ, ನಾಲಿಗೆ ತುದೀಲೇ ಇದೆ" ಎಂದರು ಅಜ್ಜಿ.

"ಹೂಂ" ಎಂದಳು ಗಿರಗಿಟ್ಲೆ.